ಶ್ರೀಮತಿಯವರ ಒಡಪಿನ ರೆಕಾರ್ಡು ಹಾಗೂ ನನ್ನ ಹೆಸರಿನ ಬಗ್ಗೆ

ಮಾನ್ಯ ವಾಚಕ ಮಹಾಶಯರ ಸನ್ನಿಧಿಗೆ, ಹೊಳಲ್ಕೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುವ ಗುಮಾಸ್ತನಾದ ನಾನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಮೊಟ್ಟಮೊದಲು ತಾವು ನನ್ನ ಕೆಟ್ಟ ಅಕ್ಷರವನ್ನೂ ಅದಕ್ಕಿಂತ ಕೆಟ್ಟ ಕಾಗುಣಿತವನ್ನೂ ದೊಡ್ಡ ಮನಸ್ಸು ಮಾಡಿ ಮನ್ನಿಸಬೇಕು. ಹದಿನಾರು ವರ್ಷಗಳಿಂದ ನಾನು ಬರೆದದ್ದೆಲ್ಲ ಬೇರೆಯವರು ಸಹಿ ಮಾಡುವ ಕಾಗದ. ತಪ್ಪಾದರೆ ಸಹಿ ಮಾಡಿದವರದು, ಸರಿಯಾದರೂ ಅವರದೇ. ಉಲ್ಲೇಖ ಸಂಖ್ಯೆಯಿಲ್ಲದ ಹಾಳೆಯ ಮೇಲೆ ನನ್ನದೇ ವಿಷಯವಾಗಿ ನಾನೇ ಬರೆಯುತ್ತಿರುವುದು ಇದೇ ಪ್ರಥಮ. ಆದ್ದರಿಂದ ಕೈಗೆ ಮೇಲ್ವಿಚಾರಣೆ ಇಲ್ಲ; ಮೇಲ್ವಿಚಾರಣೆಯಿಲ್ಲದ ಕೈಯಲ್ಲಿ ದೀರ್ಘಗಳು ಅಪ್ಪಣೆಯಿಲ್ಲದೆ ರಜೆ ಹೋಗುತ್ತವೆ, ಒತ್ತಕ್ಷರಗಳು ಕೆಳಗಿನ ಸಾಲಿನವರ ಮೇಲೆ ಬೀಳುತ್ತವೆ. ಸಾಲದ್ದಕ್ಕೆ ಈಗ ನಾನು ಮೇಜಿನ ಮುಂದೆ ಕೂತಿಲ್ಲ, ನಮ್ಮ ಮನೆಯ ಜಗಲಿಯ ಮೇಲೆ ಕೂತಿದ್ದೇನೆ. ಯಾಕೆ ಜಗಲಿ ಎಂಬುದನ್ನು ಸೂಕ್ತ ಸ್ಥಳದಲ್ಲಿ ವಿವರಿಸಲಾಗುವುದು.

ಮನುಷ್ಯನಿಗೆ ಸಿಗುವ ಸಾಮಾನುಗಳಲ್ಲಿ ಹೆಸರೊಂದು ವಿಚಿತ್ರವಾದದ್ದು. ಅದು ಅವನದೇ, ಆದರೆ ಬಳಸುವವರು ಊರವರು. ನನ್ನ ಹೆಸರು ತಿಪ್ಪೇಸ್ವಾಮಿ. ಚಿತ್ರದುರ್ಗದ ಸೀಮೆಯಲ್ಲಿ ಇದನ್ನು ಹೆಸರು ಎನ್ನುವುದಕ್ಕಿಂತ ಜನಸಂಖ್ಯೆ ಎನ್ನುವುದೇ ಸರಿಯಾದೀತು. ನಮ್ಮ ಕಚೇರಿಯೊಂದರಲ್ಲೇ ನಾಲ್ವರಿದ್ದೇವೆ. ಸಾಹೇಬರು ಒಳಗಿನಿಂದ "ತಿಪ್ಪೇಸ್ವಾಮೀ" ಎಂದು ಕೂಗಿದರೆ ನಾಲ್ವರೂ ತಲೆ ಎತ್ತುವುದಿಲ್ಲ. ಉಳಿದ ಮೂವರಲ್ಲಿ ಯಾರಾದರೂ ಹೋಗುತ್ತಾರೆ ಎಂಬ ಭರವಸೆ ನಮ್ಮೆಲ್ಲರಿಗೂ ಇದೆ. ಇಷ್ಟು ಜನ ಇಷ್ಟು ಧಾರಾಳವಾಗಿ ಕರೆಯುವ ಈ ಹೆಸರನ್ನು ಕರೆಯದೇ ಇರುವವರು ಒಬ್ಬರೇ, ನನ್ನ ಶ್ರೀಮತಿ ರಂಗಮ್ಮನವರು. ನಮ್ಮ ಕಡೆಯ ಹೆಣ್ಣುಮಕ್ಕಳು ಗಂಡನ ಹೆಸರು ಹಿಡಿದು ಮಾತಾಡುವುದಿಲ್ಲ. ಹೇಳಲೇಬೇಕಾದ ಸಂದರ್ಭ ಮದುವೆಯಲ್ಲಿ ಬರುತ್ತದೆ. ಹೊಸ ಸೊಸೆ ಹೊಸಿಲು ದಾಟುವ ಮೊದಲು ನಾದಿನಿಯರು ಬಾಗಿಲಿಗೆ ಕೈ ಅಡ್ಡ ಕಟ್ಟಿ, "ಗಂಡನ ಹೆಸರು ಹೇಳೇ, ಒಳಗೆ ಬಾರೇ" ಎಂದು ನಿಲ್ಲುತ್ತಾರೆ. ಆಗ ಅವಳು ಪ್ರಾಸ ಕಟ್ಟಿ, ಸುತ್ತಿ ಬಳಸಿ, ಕೊನೆಯ ಮಾತಿಗೆ ಹೆಸರು ತಂದು ನಿಲ್ಲಿಸಬೇಕು. ಅದೇ ಒಡಪು. ಬಹುತೇಕ ವಧುಗಳು ಎರಡು ಸಾಲು ಗೊಣಗಿ, ನಾಚಿ, ಕೈಯ ಕೆಳಗೆ ನುಸುಳಿ ಒಳಗೆ ಓಡುತ್ತಾರೆ.

ನನ್ನ ಶ್ರೀಮತಿ ಓಡಲಿಲ್ಲ. ಅವರದು ಹಿರಿಯೂರು ತಾಲ್ಲೂಕು ಜವನಗೊಂಡನಹಳ್ಳಿ ಪಕ್ಕದ ಹಟ್ಟಿಯಲ್ಲಿ ಕುರಿ ಸಾಕುವ ಮನೆತನ. ಬೆಳಗ್ಗೆ ದೊಡ್ಡಿಯ ಬಾಗಿಲು ತೆಗೆದಾಗ ನುಗ್ಗುವ ಕುರಿಗಳನ್ನು ಎಣಿಸುವ ಕೆಲಸ ಚಿಕ್ಕಂದಿನಿಂದ ಅವರದೇ. ನಡುವೆ ಉಸಿರು ಎಳೆದುಕೊಂಡರೆ ಅಷ್ಟರಲ್ಲಿ ಎರಡು ಕುರಿ ಲೆಕ್ಕ ತಪ್ಪಿ ದಾಟುತ್ತವೆ. ಹೀಗಾಗಿ ಇಡೀ ಮಂದೆಗೆ ಒಂದೇ ಉಸಿರು. ಆ ಉಸಿರನ್ನು ಅವರು ನಮ್ಮ ಹೊಸಿಲ ಮೇಲೆ ತಂದು ಬಿಟ್ಟರು. ಕೈಯಲ್ಲಿದ್ದ ಹಿತ್ತಾಳೆ ಚೊಂಬಿಗೆ ಬಳೆಯಿಂದ ಟಣ್ ಟಣ್ ಎಂದು ತಾಳ ಹಾಕುತ್ತ, ಬಂದೂಕಿನ ಗುಂಡಿನಂತೆ ಹಾರಿಸಿದರು:

"ಹಟ್ಟಿ ಮುಂದೆ ಕಲ್ಲು, ಕಲ್ಲ ಮ್ಯಾಲೆ ಹುಲ್ಲು,
ಹುಲ್ಲು ಮೇಯೋ ಟಗರಿಗೆ ಮುರಿದೈತೆ ಹಲ್ಲು,
ಹಲ್ಲು ತೋರ್ಸಾಣ ಅಂದ್ರೆ ಊರಾಗೆ ಡಾಕ್ಟ್ರಿಲ್ಲ,
ಡಾಕ್ಟ್ರಿದ್ದೂರಿಗೆ ಬಸ್ಸಿಲ್ಲ, ಬಸ್ಸಿದ್ರೆ ಸೀಟಿಲ್ಲ,
ಸೀಟು ಸಿಕ್ರೆ ಪಕ್ಕದಾಗ್ ಕುಂತೋನು ಸುಮ್ಕಿರಲ್ಲ,
ಸುಮ್ಕಿರೋ ಗಂಡ್ಸು ಈ ಸೀಮ್ಯಾಗೆ ಇನ್ನೊಬ್ರಿಲ್ಲ,
ಬರೆಯೋದು ಬಾಳ, ಮಾತಾಡೋದು ಕಮ್ಮಿ,
ಅವ್ರೇ ನಮ್ ಯಜಮಾನ್ರು ತಿಪ್ಪೇಸ್ವಾಮಿ!"

ಇದು ಬರೀ ಬಾಲ. ಇದಕ್ಕೆ ಮೊದಲೇ ಅಂಥವು ಮೂವತ್ತು ಸಾಲು ಹೋಗಿದ್ದವು. ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡು ನಿಂತಿದ್ದ ನನಗೆ, ಕೊನೆಯ ಪದ ಬರುವ ತನಕ, ಇವರು ಮದುವೆಯಾದದ್ದು ನನ್ನನ್ನೇ ಹೌದೋ ಅಲ್ಲವೋ ಎಂಬ ಬಗ್ಗೆ ಖಚಿತ ಮಾಹಿತಿ ಇರಲಿಲ್ಲ. ಕೈ ಅಡ್ಡ ಕಟ್ಟಿದ್ದ ನನ್ನ ತಂಗಿಯರು ಯಾವಾಗಲೋ ಕೈ ಇಳಿಸಿ ಬಾಯಿ ತೆರೆದು ನಿಂತಿದ್ದರು.

ಅಂದಿನಿಂದ ಬಂಧುಗಳ ಮದುವೆಗಳಲ್ಲಿ "ರಂಗಮ್ಮನ ಕೈಲಿ ಒಂದು ಒಡಪು ಹೇಳ್ಸ್ರಿ" ಎಂಬುದು ಊಟದಷ್ಟೇ ಕಡ್ಡಾಯವಾಯಿತು. ಕಳೆದ ವರ್ಷ ಭೀಮಸಮುದ್ರದ ಒಂದು ಮದುವೆಯಲ್ಲಿ ಅವರು ಹೇಳುತ್ತಿದ್ದಾಗ, ವರನ ಕಡೆಯ ನೆಂಟರೊಬ್ಬರು ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದು ಬಂದರು. ಅವರ ಹೆಸರು ಶೇಷಗಿರಿರಾಯರು. ಮದರಾಸಿನ ಒಂದು ದೊಡ್ಡ ಗ್ರಾಮಫೋನ್ ರೆಕಾರ್ಡ್ ಕಂಪನಿಯ ಪ್ರತಿನಿಧಿ. "ಇಷ್ಟು ವೇಗವಾಗಿ ಮಾತಾಡಿ, ಇಷ್ಟು ತಾಳದಲ್ಲಿ, ಹಾಡದೇ ಹಾಡುವವರನ್ನು ನಾನು ಕಂಡೇ ಇಲ್ಲ ಸ್ವಾಮಿ. ಇದನ್ನು ನಾವು ದೊಡ್ಡ ತಟ್ಟೆಯಲ್ಲಿ ತರೋಣ. ಎರಡೂ ಮಗ್ಗುಲು, ಎಂಟು ಒಡಪು," ಎಂದರು.

ನಾನು ಸರ್ಕಾರಿ ನೌಕರ. 'ನನ್ನ ಪತ್ನಿಯು ನನ್ನ ಹೆಸರನ್ನು ಎಂಟು ಬಾರಿ ಸಾರ್ವಜನಿಕವಾಗಿ ಉಚ್ಚರಿಸಲು ಅನುಮತಿ ಕೋರಿ' ಎಂಬ ವಿಷಯದಡಿ ಮೇಲಧಿಕಾರಿಗಳಿಗೆ ಅರ್ಜಿ ಸಲ್ಲಿಸಿದೆ. ಸಾಹೇಬರು ಅಂಚಿನಲ್ಲಿ 'ಚರ್ಚಿಸಿ' ಎಂದು ಬರೆದರು. ಚರ್ಚೆಗೆ ಒಳಗೆ ಹೋದೆ.

"ಏನ್ರಿ ಇದು? ನಿಮ್ಮ ಹೆಸ್ರು ನಿಮ್ಮ ಹೆಂಡ್ತಿ ಹೇಳಾಕೆ ಸರ್ಕಾರದ್ದೇನ್ರಿ ಅಡ್ಡಿ?"

"ಹೇಳುವ ಸ್ಥಳ ಮದರಾಸು ಸಾರ್."

ಸಾಹೇಬರು ಕನ್ನಡಕ ತೆಗೆದರು. "ಹೊರ ರಾಜ್ಯ!" ಎಂದರು. ಕಡತ ಮೂರು ವಾರ ಅವರ ಮೇಜಿನ ಮೇಲೆ ಮಲಗಿತು. ಕೊನೆಗೆ 'ಹೆಸರು ನೌಕರರ ಖಾಸಗಿ ಸ್ವತ್ತಾಗಿರುವುದರಿಂದ ಅಡ್ಡಿಯಿಲ್ಲ' ಎಂಬ ಷರಾದೊಂದಿಗೆ ಎದ್ದುಬಂತು.

ಮದರಾಸಿನ ಧ್ವನಿಮುದ್ರಣ ಕೊಠಡಿಯ ಗೋಡೆಗಳಿಗೆಲ್ಲ ಹಾಸಿಗೆ ಹೊದಿಸಿದ್ದರು. ಮೃದಂಗದವರು, ಪಿಟೀಲಿನವರು ಸಾಲಾಗಿ ಕುಳಿತಿದ್ದರು. ಕೆಂಪು ದೀಪ ಹತ್ತಿತು. ರಂಗಮ್ಮನವರು ಮೈಕಿನ ಮುಂದೆ ಸುಮ್ಮನೆ ನಿಂತರು. ದೀಪ ಆರಿತು, ಮತ್ತೆ ಹತ್ತಿತು. ಅವರು ನಿಂತೇ ಇದ್ದರು.

"ಯಾಕಮ್ಮಾ, ಹೆದರಿಕೆಯೇ?" ಎಂದು ರಾಯರು ಕೇಳಿದರು.

"ಹೆದ್ರಿಕೆ ಯಾಕ್ರಿ? ಬಾಗ್ಲಾಗೆ ಅಡ್ಡ ನಿಂತು ಯಾರಾದ್ರೂ ಕೇಳ್ಬೇಕಲ್ಲ. ಕೇಳ್ದೇನೇ ಗಂಡನ ಹೆಸ್ರು ಹೇಳಾಕೆ ನನಗೇನು ಮಳ್ಳೇ?"

ನಾನೇ ಕೇಳುತ್ತೇನೆಂದು ಮುಂದೆ ಬಂದೆ. "ನೀವು ಕೇಳಂಗಿಲ್ಲ. ನಿಮ್ಮ ಹೆಸ್ರು ನಿಮಗೆ ಗೊತ್ತೈತಲ್ಲ," ಎಂದು ತಳ್ಳಿಹಾಕಿದರು. ಕೊನೆಗೆ ಯಂತ್ರ ನೋಡಿಕೊಳ್ಳುವ ತಮಿಳು ಇಂಜಿನಿಯರರನ್ನು ಹೊರಗೆ ಕರೆತಂದು, ಬಾಗಿಲಿಗೆ ಕೈ ಅಡ್ಡ ಕಟ್ಟಿಸಿ, ಎರಡು ಕನ್ನಡ ಮಾತು ಬಾಯಿಪಾಠ ಮಾಡಿಸಬೇಕಾಯಿತು. ಪಾಪ, ಆ ಮಹನೀಯರು ಗಡಸು ಗಂಟಲಿನಲ್ಲಿ, 'ಹೇಳು' ಎಂಬುದನ್ನು ಮಾತ್ರ ತಮಿಳಿನಲ್ಲೇ ಉಳಿಸಿಕೊಂಡು, "ಗಂಡನ್ ಹೆಸರ್ ಶೊಲ್ಲಮ್ಮಾ" ಎಂದು ಎಂಟು ಬಾರಿ ಗದರಿದರು. ಅದೂ ರೆಕಾರ್ಡಿನಲ್ಲಿದೆ. ಮೃದಂಗ ಪಿಟೀಲುಗಳನ್ನು ರಂಗಮ್ಮನವರು ಒಪ್ಪಲಿಲ್ಲ. ಇಂಜಿನಿಯರರ ಕಾಫಿ ಲೋಟವನ್ನು ಎತ್ತಿಕೊಂಡು, ಉಳಿದಿದ್ದ ಕಾಫಿಯನ್ನು ಅವರಿಗೇ ಕುಡಿಸಿ, ಅದಕ್ಕೇ ಬಳೆ ಬಡಿದು ಎಂಟೂ ಒಡಪು ಮುಗಿಸಿದರು. ಮೃದಂಗದವರು ಕೊನೆಯಲ್ಲಿ ಎದ್ದು ಕೈ ಮುಗಿದರು. ಲೋಟಕ್ಕೋ ಅವರಿಗೋ ತಿಳಿಯಲಿಲ್ಲ.

ರೆಕಾರ್ಡು ಬಂತು. ಹೊದಿಕೆಯ ಮೇಲೆ ಹಾಲಿನಂತೆ ಬೆಳ್ಳಗಿರುವ, ಮೂಗಿಗೆ ಎರಡೂ ಕಡೆ ನತ್ತು ಇಟ್ಟ ಯಾರೋ ಒಬ್ಬ ವಧುವಿನ ಚಿತ್ರ. "ಯಾರ್ರಿ ಇವ್ಳು? ಇವ್ಳಿಗೂ ನೀವೇ ಗಂಡನಾ?" ಎಂದು ಶ್ರೀಮತಿಯವರು ಕೇಳಿದರು. ಚಿತ್ರವು ಕಂಪನಿಯ ಆಯ್ಕೆಯೆಂದು ಸಮಜಾಯಿಷಿ ನೀಡಿದೆ. ನಮ್ಮ ಮನೆಯಲ್ಲಿ ಗ್ರಾಮಫೋನು ಇರಲಿಲ್ಲವಾದ್ದರಿಂದ, ಮದುವೆಗಳಿಗೆ ಧ್ವನಿವರ್ಧಕ ಬಾಡಿಗೆ ಕೊಡುವ ಮೈಕ್ ಬಸಣ್ಣನ ಅಂಗಡಿಯಲ್ಲಿ ಕೇಳಿದೆವು. ಬಜಾರಿಗೆಲ್ಲ ಕೇಳುವಂತೆ ಬಸಣ್ಣ ಹಾಕಿದ. ನನ್ನ ಹೆಸರು ಎಂಟು ಬಾರಿ ಹೊಳಲ್ಕೆರೆಯ ಸೂರುಗಳ ಮೇಲೆ ಹಾರಿತು. ಸತ್ಯವನ್ನು ಮುಚ್ಚಿಡಬಾರದು: ಆ ದಿನ ನಾನು ಮನೆಗೆ ಸುತ್ತು ದಾರಿಯಲ್ಲಿ ಹೋದೆ, ಹೆಚ್ಚು ಜನ ನೋಡಲೆಂದು.

ಆರು ತಿಂಗಳಾದ ಮೇಲೆ ಕಂಪನಿಯಿಂದ ಗೊಂದಲದ ಪತ್ರವೊಂದು ಬಂತು. ಮೈಸೂರು, ಮಂಗಳೂರು, ಧಾರವಾಡಗಳಿಂದ ರೆಕಾರ್ಡಿನ ಕಟ್ಟುಗಳು ದಾರ ಸಹ ಬಿಚ್ಚದೆ ವಾಪಸು ಬರುತ್ತಿವೆ, ಆದರೆ ಚಿತ್ರದುರ್ಗದ ಸುತ್ತಮುತ್ತ ಎಷ್ಟು ಕಳಿಸಿದರೂ ಸಾಲುತ್ತಿಲ್ಲ, ಒಂದೊಂದು ಮನೆಯವರು ಎರಡೆರಡು ಕೊಳ್ಳುತ್ತಿದ್ದಾರೆ, ಕಾರಣ ತಿಳಿಸುವುದು. ಕಾರಣ ತಿಳಿಸುವುದು ಎಂಬ ಮಾತು ಕಂಡರೆ ನನ್ನಂಥವನಿಗೆ ಸುಮ್ಮನಿರಲಾಗುವುದಿಲ್ಲ. ಒಂದು ಭಾನುವಾರ ನೋಟ್ ಪುಸ್ತಕ ಹಿಡಿದು, ಬಸ್ಸು ಹತ್ತಿ, ಸ್ಥಳ ತನಿಖೆಗೆಂದು ಹಿರಿಯೂರಿಗೆ ಹೋದೆ. ರೆಕಾರ್ಡು ಮಾರುವ ಅಂಗಡಿಯವನನ್ನು, ನಾನು ಯಾರೆಂದು ಹೇಳದೆ, ಕೇಳಿದೆ.

"ಯಾರು ತಗಂತಾರೆ ಅಂದ್ರೆ? ತಿಪ್ಪೇಸ್ವಾಮಿ ಮನೆಯೋರು ತಗಂತಾರೆ ಕಣ್ರಿ."

"ಯಾವ ತಿಪ್ಪೇಸ್ವಾಮಿ?"

"ಯಾವ ತಿಪ್ಪೇಸ್ವಾಮಿ ಅಂತ ಹೇಳ್ಲಿ? ಎಲ್ಲಾ ತಿಪ್ಪೇಸ್ವಾಮಿಗಳೂ! ಹುಡ್ಗೀರಿಗೆ ನಾಚ್ಕೆ. ಹೊಸ್ಲು ಹತ್ರ ಮೈಕ್ ಸೆಟ್ನೋರು ಈ ತಟ್ಟೆ ಹಾಕ್ತಾರೆ, ಹುಡ್ಗಿ ಸುಮ್ನೆ ತುಟಿ ಆಡ್ಸ್ತಾಳೆ. ಕೊನೀಗೆ ತಿಪ್ಪೇಸ್ವಾಮಿ ಅಂತೈತೆ. ಗಂಡನೂ ತಿಪ್ಪೇಸ್ವಾಮೀನೆ. ಕೆಲ್ಸ ಆತು, ಒಳಗೆ ಹೋಗಾಣ ಅಂತ ಹೋಗ್ತಾರೆ. ಸವೀತೈತೆ ಅಂತ ಒಂದು ಮುಂಗಡ ಇಟ್ಕಂತಾರೆ. ಅದ್ಸರಿ, ನಿಮ್ಮ ಹೆಸ್ರೇನ್ರಿ?"

ಹೇಳಿದೆ. ಅವನು ಒಂದು ರೆಕಾರ್ಡು ಕಟ್ಟಿ ಕೈಗಿಟ್ಟ.

ಇಲ್ಲಿಯವರೆಗೆ ಎಲ್ಲವೂ ಕ್ರಮಬದ್ಧವಾಗಿಯೇ ಇತ್ತು. ಕ್ರಮ ತಪ್ಪಿದ್ದು ಹೊಸದುರ್ಗದ ಒಂದು ಮದುವೆಯಲ್ಲಿ. ವರನ ಹೆಸರು ರುದ್ರಪ್ಪ. ರಂಗಮ್ಮನವರ ಕಡೆಯ ನೆಂಟಸ್ತಿಕೆಯಾದ್ದರಿಂದ ನಾವೂ ಹೋಗಿದ್ದೆವು. ಅಲ್ಲಿಯ ಮೈಕಿನವನು ಬುದ್ಧಿವಂತ. 'ನಮ್ ಯಜಮಾನ್ರು' ಎಂಬಲ್ಲಿಗೆ ಸರಿಯಾಗಿ ಮುಳ್ಳು ಎತ್ತುತ್ತೇನೆ, ಹುಡುಗಿ 'ರುದ್ರಪ್ಪ' ಅಂದರೆ ಸಾಕು ಎಂದು ಏರ್ಪಾಡು ಮಾಡಿದ್ದ. ಆದರೆ ಅದೇ ಘಳಿಗೆಗೆ ಯಾರೋ ಅವನಿಗೆ ಪಾನಕ ಕೊಟ್ಟರು. ಅವನ ಕೈ ಪಾನಕದ ಕಡೆ ಹೋಯಿತು. ಮುಳ್ಳು ತನ್ನ ಪಾಡಿಗೆ ಮುಂದೆ ಹೋಯಿತು. ತುಟಿ ಆಡಿಸುತ್ತಿದ್ದ ವಧುವಿನ ಬಾಯಿಂದ, ಎರಡು ದೊಡ್ಡ ಹಾರ್ನುಗಳ ಮೂಲಕ, ಇಡೀ ಹೊಸದುರ್ಗಕ್ಕೆ ಕೇಳುವಂತೆ ಹೊರಟಿತು: "ಅವ್ರೇ ನಮ್ ಯಜಮಾನ್ರು ತಿಪ್ಪೇಸ್ವಾಮಿ!"

ವರನ ತಂದೆ ಎದ್ದು ನಿಂತರು. ರುಮಾಲು ತೆಗೆದು ಹೆಗಲ ಮೇಲೆ ಹಾಕಿಕೊಂಡರು. "ಯಾವನ್ಲೇ ಅವ್ನು ತಿಪ್ಪೇಸ್ವಾಮಿ? ಮುಂದಕ್ಕ್ ಬರ್ಲಿ!"

ಚಪ್ಪರದಲ್ಲಿ ಏಳೆಂಟು ಜನ ತಮತಮಗೆ ಕೆಲಸವಿದೆಯೆಂದು ಹೊರನಡೆದರು. ನಾನು ಎಲೆಯಡಿಕೆ ತಟ್ಟೆಯಲ್ಲಿ ಸುಣ್ಣ ಹುಡುಕತೊಡಗಿದೆ. ಆಗ ನನ್ನ ಶ್ರೀಮತಿ ಎದ್ದು, "ಯಜಮಾನ್ರೇ, ಕುಂತ್ಕಳ್ರಿ. ಆ ದನಿ ನಂದು, ಆ ಹೆಸ್ರು ನಮ್ಮನೆಯೋರ್ದು, ಇಗಾ ಇಲ್ಲೇ ಅವ್ರೆ," ಎಂದು ನನ್ನನ್ನು ಬೆರಳಿಟ್ಟು ತೋರಿಸಿದರು. ಮುನ್ನೂರು ಜನ ನನ್ನನ್ನು ನೋಡಿದರು. "ಇವ್ರಾ?" ಎಂದರು ವರನ ತಂದೆ, ಮತ್ತು ಅದೇ ಕ್ಷಣ ಸಮಾಧಾನ ಹೊಂದಿ ಕುಳಿತರು. ಇವನಿಂದ ತಮ್ಮ ಮಗನಿಗೆ ಯಾವ ಅಪಾಯವೂ ಇಲ್ಲವೆಂದು ಅವರು ಅಷ್ಟು ಬೇಗ ತೀರ್ಮಾನಿಸಿದ್ದು ನನಗೆ ಈಗಲೂ ಸ್ವಲ್ಪ ನೋವಿನ ವಿಷಯ. "ಹಂಗಾದ್ರೆ ನೀನೇ ರುದ್ರಪ್ಪನ ಹೆಸ್ರು ಹಾಕಿ ಒಂದು ಹೇಳ್ಬಿಡಮ್ಮ, ಮುಹೂರ್ತಕ್ಕೆ ಕುಂದು ಬ್ಯಾಡ," ಎಂದು ಹಿರಿಯರೊಬ್ಬರು ಸಲಹೆ ಕೊಟ್ಟರು. ರಂಗಮ್ಮನವರು ಅವರನ್ನು ನೋಡಿದ ನೋಟಕ್ಕೆ ಆ ಹಿರಿಯರು ಕಂಬದ ಹಿಂದೆ ಸರಿದರು. ಕೊನೆಗೆ ವಧು, ಅಳುತ್ತ, ತಾನೇ ಒಂದೂವರೆ ಸಾಲು ಹೇಳಿ ಒಳಗೆ ಹೋದಳು.

ಈ ವರದಿಯನ್ನೆಲ್ಲ ನಾನು ಕಂಪನಿಗೆ ನಕಲು ಸಹಿತ ಕಳಿಸಿದೆ. ಅದು ನನ್ನ ಮೊದಲನೆಯ ತಪ್ಪು. ಮುಂದಿನ ವಾರವೇ ಶೇಷಗಿರಿರಾಯರು ನಮ್ಮ ಮನೆಗೆ ಬಂದರು. "ಗುಟ್ಟು ತಿಳಿಯಿತು. ಜನ ಕೊಳ್ಳುತ್ತಿರುವುದು ಹೆಸರನ್ನು. ಇನ್ನೊಂದು ತಟ್ಟೆ ತರೋಣ, ಇಡೀ ರಾಜ್ಯದಲ್ಲಿ ಓಡುವ ಹೆಸರಿನಲ್ಲಿ. ಮಂಜುನಾಥ ಅಂತ ಇಟ್ಟುಕೊಳ್ಳಿ. ಕರಾವಳಿಯಲ್ಲೂ ಓಡುತ್ತದೆ, ಬಯಲುಸೀಮೆಯಲ್ಲೂ ಓಡುತ್ತದೆ," ಎಂದರು.

"ಇನ್ನೊಬ್ರ ಹೆಸ್ರು ನನ್ನ ಬಾಯಾಗೆ ಬರಂಗಿಲ್ರಿ," ಎಂದರು ರಂಗಮ್ಮನವರು.

"ಹೆಸರಿನ ಜಾಗ ಖಾಲಿ ಬಿಡೋಣವೆಂದರೆ ಹುಡುಗಿಯರೂ ಖಾಲಿ ಬಿಟ್ಟುಬಿಡುತ್ತಾರೆ, ಹೇಳಲಾರದ್ದಕ್ಕೇ ಅಲ್ಲವೇ ಕೊಳ್ಳುವುದು?" ಎಂದು ರಾಯರು ಯೋಚಿಸಿ, ನನ್ನ ಕಡೆ ತಿರುಗಿದರು. "ಅಮ್ಮನವರು ಗಂಡನ ಹೆಸರನ್ನಷ್ಟೇ ಹೇಳುತ್ತಾರೆ. ಸರಿ. ಗಂಡನ ಹೆಸರೇ ಮಂಜುನಾಥ ಎಂದಾದರೆ? ನಮ್ಮ ಮೈಸೂರು ರಾಜ್ಯವೇ ಹೆಸರು ಬದಲಿಸಿಕೊಂಡು ಕರ್ನಾಟಕ ಆಗಿಲ್ಲವೇ? ತಮಗೇನು ಅಡ್ಡಿ?"

"ರಾಜ್ಯಕ್ಕೆ ಹೆಂಡ್ತಿ ಇರ್ಲಿಲ್ಲ," ಎಂದು ಹೇಳಿ ರಂಗಮ್ಮನವರು ಕಾಫಿ ತರಲು ಒಳಗೆ ಹೋದರು.

ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ತಮ್ಮಲ್ಲಿ ಮುಚ್ಚುಮರೆ ಯಾಕೆ? ಹೆಸರು ಬದಲಾವಣೆಗೆ ಒಂದು ಕ್ರಮವಿದೆ. ಛಾಪಾ ಕಾಗದ, ಪ್ರಮಾಣಪತ್ರ, ಪತ್ರಿಕಾ ಪ್ರಕಟಣೆ, ಗೆಜೆಟ್. ಅಷ್ಟು ಸೊಗಸಾದ ಕ್ರಮವೊಂದು ಇರುವಾಗ ಅದನ್ನು ಅನುಸರಿಸದೆ ಬಿಡುವುದು ನನ್ನ ಸ್ವಭಾವಕ್ಕೆ ಒಗ್ಗುವುದಿಲ್ಲ. ಜೊತೆಗೆ ಒಳಗೊಳಗೇ ಇನ್ನೊಂದು ಆಸೆ. ಇಡೀ ರಾಜ್ಯದ ಹೊಸಿಲುಗಳ ಮೇಲೆ ನನ್ನ ಹೆಸರು! ಅದು ನನ್ನ ಹೆಸರಾಗಿರುವುದಿಲ್ಲ ಎಂಬ ಸಣ್ಣ ಲೋಪ ಆಗ ನನ್ನ ಗಮನಕ್ಕೆ ಬರಲಿಲ್ಲ. ಊಟದ ಬಿಡುವಿನಲ್ಲಿ 'ಈ ದಿನದಿಂದ ಸಕಲ ವ್ಯವಹಾರಗಳಲ್ಲೂ ಮಂಜುನಾಥನೆಂದೇ ಕರೆಯಲ್ಪಡತಕ್ಕದ್ದು' ಎಂದು ಬರೆದೆ. ಹೊಸ ಸಹಿಯನ್ನು ಇಪ್ಪತ್ತು ಸಲ ಅಭ್ಯಾಸ ಮಾಡಿದೆ. ಮಂಜುನಾಥನ ಸಹಿ ತಿಪ್ಪೇಸ್ವಾಮಿಯದಕ್ಕಿಂತ ಗಂಭೀರವಾಗಿತ್ತು.

ಶನಿವಾರ ಅರ್ಧ ದಿನ. ಮನೆಗೆ ಬಂದು, ರಂಗಮ್ಮನವರು ಮುದ್ದೆ ತಿರುವುತ್ತಿದ್ದಾಗ, ಪ್ರಮಾಣಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿದರು. "ಚೆನ್ನಾಗೈತೆ. ಕೈಕಾಲು ತೊಳ್ಕಂಡ್ ಬರ್ರಿ," ಎಂದರು. ಇಷ್ಟು ಸಲೀಸಾಗಿ ಒಪ್ಪಿಗೆ ಸಿಕ್ಕಿತಲ್ಲ ಎಂದು ಹಿಗ್ಗಿ ಹೊರಗೆ ಹೋಗಿ, ಕಾಲು ತೊಳೆದು ತಿರುಗಿದರೆ, ಬಾಗಿಲಿಗೆ ಅಡ್ಡವಾಗಿ ಅವರ ಕೈ.

"ಯಾರ್ರಿ ನೀವು?"

ನಾನು ನಕ್ಕೆ. ಅವರು ನಗಲಿಲ್ಲ. ಎದುರು ಮನೆಯ ಸಾವಿತ್ರಮ್ಮನವರು ಮೊರ ಹಿಡಿದುಕೊಂಡೇ ಹೊರಗೆ ಬಂದರು. "ಯಾಕಣ್ಣ, ಬಿಸ್ಲಾಗೆ ನಿಂತ್ಬಿಟ್ಟೆ?"

ನನಗಿಂತ ಮೊದಲು ರಂಗಮ್ಮನವರೇ ಉತ್ತರಿಸಿದರು. "ಯಾರೋ ಮಂಜುನಾಥ ಅನ್ನೋರು ಬಂದಾರೆ ಕಣಕ್ಕ. ನಮ್ಮ ಯಜಮಾನ್ರು ಮನ್ಯಾಗಿಲ್ಲ. ಒಳಗೆ ಹೆಂಗ್ ಬಿಡಾದು?"

"ಅಯ್ಯೋ ಬಿಡ್ಬ್ಯಾಡ ಬಿಡ್ಬ್ಯಾಡ, ಕಾಲ ಸರಿಯಿಲ್ಲ," ಎಂದರು ಸಾವಿತ್ರಮ್ಮ, ನನ್ನನ್ನು ಹನ್ನೊಂದು ವರ್ಷದಿಂದ ಬಲ್ಲವರು.

ಕಾಗದವನ್ನು ಜೇಬಿನಿಂದ ತೆಗೆದು ಅಲ್ಲೇ ನಾಲ್ಕು ಚೂರು ಮಾಡಿದೆ. "ರದ್ದು! ನಾನು ತಿಪ್ಪೇಸ್ವಾಮಿಯೇ!" ಎಂದೆ.

ರಂಗಮ್ಮನವರ ಕೈ ಇಳಿಯಲಿಲ್ಲ. ದನಿ ಮಾತ್ರ ಸ್ವಲ್ಪ ಇಳಿಯಿತು. "ನಾನು ಮೂವತ್ತು ಮನೆ ಜನದ ಮುಂದೆ ಒಂದು ಹೆಸ್ರು ಹೇಳಿ ಈ ಹೊಸ್ಲು ದಾಟ್ದೋಳು. ಆ ಹೆಸ್ರು ನಿಮಗೆ ಬ್ಯಾಡಾದ್ರೆ ನಾನು ಯಾರ ಮನ್ಯಾಗಿದೀನಿ ಹೇಳ್ರಿ?" ನಾನು ಬಗ್ಗಿ ಕಾಗದದ ಚೂರುಗಳನ್ನು ಆಯತೊಡಗಿದೆ. "ಹಂಗೇ ಒಳಗೆ ಬರಂಗಿಲ್ಲ. ಹೆಂಡ್ತಿ ಹೆಸ್ರು ಹೇಳಿ ಬರ್ರಿ. ಬರೀ ಹೆಸ್ರಲ್ಲ, ಒಡಪು ಕಟ್ಟಿ."

ನಾನು ಗಂಟಲು ಸರಿಪಡಿಸಿಕೊಂಡೆ. "ಈ ಮೂಲಕ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ..."

"ಇದು ನೋಟೀಸು," ಎಂದರು. ಸಾವಿತ್ರಮ್ಮನವರೂ ಮೊರ ಕೆಳಗಿಟ್ಟು ಹೌದೆಂದರು.

ಅಂದಿನಿಂದ ಇಂದಿಗೆ ಐದು ದಿನವಾಯಿತು. ಮುದ್ದೆ ಸಾರು ಹೊತ್ತಿಗೆ ಸರಿಯಾಗಿ ಜಗಲಿಗೆ ಬರುತ್ತಿದೆ, ಹಾಸಿಗೆಯೂ ಬರುತ್ತಿದೆ, ನನಗೆ ಒಳಗೆ ಹೋಗಲು ಮಾತ್ರ ಮಂಜೂರಾತಿ ಇಲ್ಲ. ಶೇಷಗಿರಿರಾಯರಿಗೆ ಎರಡನೆಯ ತಟ್ಟೆಯ ಪ್ರಸ್ತಾವವನ್ನು ಕೈಬಿಡಲಾಗಿದೆಯೆಂದು ಬರೆದು ಹಾಕಿದ್ದೇನೆ. ಹದಿನಾರು ವರ್ಷ ಕಾಗದ ಬರೆದವನಿಗೆ ನಾಲ್ಕು ಸಾಲು ಕಟ್ಟುವುದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ. ಹೆಂಡತಿಯ ಹೆಸರನ್ನು ಬಾಯಿಬಿಟ್ಟು ಹೇಳಿ ನನಗೂ ಅಭ್ಯಾಸವಿಲ್ಲ. 'ಏ, ಇವಳೇ' ಎಂದೇ ಹನ್ನೊಂದು ವರ್ಷ ಸಾಗಿಸಿದ್ದೇನೆ. ಅಂತೂ ಒಂದು ಕರಡು ಸಿದ್ಧವಾಗಿದೆ. ತಮ್ಮ ಪರಿಶೀಲನೆಗಾಗಿ ಸಲ್ಲಿಸುತ್ತಿದ್ದೇನೆ:

"ಸದರಿ ಮನೆಯ ಹೊಸಿಲು, ಹೊಸಿಲ ಮೇಲೆ ಬಿಸಿಲು,
ಬಿಸಿಲಲ್ಲಿ ನಿಂತ ಅರ್ಜಿದಾರನಿಗೆ ಒಳಗೆ ಬರಲು ದಿಗಿಲು,
ಮುದ್ದೆ ಆರುವ ಮೊದಲು ಮಂಜೂರು ಮಾಡಮ್ಮ,
ವಿಧೇಯ ಸೇವಕನ ಮೇಲಧಿಕಾರಿ ರಂಗಮ್ಮ."

ಕಟ್ಟಿಕೊಂಡ ಹೆಂಡತಿಗೆ 'ಮಾಡಮ್ಮ' ಎನ್ನಬಹುದೇ, 'ದಿಗಿಲು' ಎಂದರೆ ಸಿಟ್ಟಾಗುವರೇ, ಒಂದೇ ಉಸಿರಿನಲ್ಲಿ ಹೇಳಲು ಇದು ಉದ್ದವಾಯಿತೇ ಎಂಬೆಲ್ಲ ಸಂಶಯಗಳಿವೆ. ಅಭ್ಯಾಸಕ್ಕೆಂದು ಲೋಟ ಬಡಿದು ಹೇಳಿ ನೋಡಿದೆ. ಮೂರನೆಯ ಸಾಲಿಗೆ ಕೆಮ್ಮು ಬಂತು, ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕ ಸದ್ದೂ ಬಂತು. ಅದನ್ನು ತಾತ್ಕಾಲಿಕ ಮಂಜೂರಾತಿಯೆಂದು ಭಾವಿಸಿ ಎದ್ದು ಬಾಗಿಲವರೆಗೆ ಹೋದೆ. ಕೈ ಅಡ್ಡ ಬಂತು. ಆದಕಾರಣ ಪ್ರಾರ್ಥಿಸುವುದೇನೆಂದರೆ, ಮೇಲ್ಕಂಡ ಬರಹದಲ್ಲಿ ಕಂಡ ತಪ್ಪುಗಳನ್ನೆಲ್ಲ ತಾವು ಕೆಂಪು ಶಾಯಿಯಲ್ಲಿ ತಿದ್ದಿ ಕಳುಹಿಸಬೇಕು. ಉಳಿದದ್ದು ನಿಧಾನವಾದರೂ ಬಾಧಕವಿಲ್ಲ; ಕೊನೆಯ ನಾಲ್ಕು ಸಾಲನ್ನು ಮಾತ್ರ ಮರುಟಪಾಲಿನಲ್ಲೇ ತಿದ್ದಿಕೊಡಬೇಕು. ಜಗಲಿಯಲ್ಲಿ ಸೊಳ್ಳೆ ಬಹಳ.